ಬರೆದಿಟ್ಟ ಕಾದಂಬರಿನ ಪಕ್ಕಕ್ಕಿಟ್ಟು ಮತ್ತೆ ಒಂದನೇ ಪುಟದಿಂದ ಶುರು ಮಾಡೋದು ಹೇಗೆ

ಅರವತ್ತು ಎಪ್ಪತ್ತು ಸಾವಿರ ಪದ ಬರೆದಾದ್ಮೇಲೆ ಒಂದಿನ ಫೈಲ್ ಓಪನ್ ಮಾಡ್ತೀರಿ, ಕರ್ಸರ್ ಮಿಣುಕ್ತಾ ಇರತ್ತೆ, ಅದನ್ನ ನೋಡೋಕೂ ಮನಸ್ಸಾಗಲ್ಲ. ಏನೋ ಕೆಟ್ಟಿದೆ ಅಂತ ಒಳಗೊಳಗೇ ಗೊತ್ತಿರತ್ತೆ, ಆದ್ರೆ ಅದನ್ನ ಒಪ್ಕೊಂಡ್ರೆ ಎರಡು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ ಆಗತ್ತಲ್ಲ ಅಂತ ಹೆದರಿ ಮತ್ತೆ ಅದೇ ಅಧ್ಯಾಯದ ಅದೇ ಪ್ಯಾರಾನ ಹನ್ನೊಂದನೇ ಸಲ ತಿದ್ದೋಕೆ ಕೂರ್ತೀರಿ.

ನಾನು ಹಿಂಗೇ ಎಂಟು ತಿಂಗಳು ಕೂತಿದ್ದೆ. 78 ಸಾವಿರ ಪದ, 46 ಸೀನ್. ಕೊನೆಗೆ ಎಲ್ಲಾ ಪಕ್ಕಕ್ಕಿಟ್ಟು ಮೊದಲಿಂದ ಬರೆದೆ. ಬರೆಯೋಕಿಂತ ಹೆಚ್ಚು ಟೈಮ್ ಹೋಗಿದ್ದು ಹೆಂಗೆ ಪಕ್ಕಕ್ಕಿಡಬೇಕು, ಏನನ್ನ ಜೊತೆಗೆ ತಗೊಂಡು ಹೋಗಬೇಕು ಅಂತ ಗೊತ್ತಿಲ್ಲದೆ ಒದ್ದಾಡಿದ್ದರಲ್ಲಿ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಹೆಜ್ಜೆ 1: ಸುಸ್ತಾಗಿರೋದಾ, ಅಡಿಪಾಯವೇ ಸೊಟ್ಟಗಿರೋದಾ ನೋಡ್ಕೊಳ್ಳಿ

ಎಲ್ಲಾ ಕಾದಂಬರಿನೂ ಮಧ್ಯದಲ್ಲಿ ಒಂದ್ಸಲ ಕೈಕೊಡತ್ತೆ. ಶುರುವಿನ ಹುರುಪು ಮುಗಿದಿರತ್ತೆ, ಕೊನೆ ಇನ್ನೂ ಕಾಣಲ್ಲ, ಸರಿಯಾಗಿ ಅದೇ ಟೈಮಿಗೆ ಹೊಸ ಕಥೆ ಒಂದು ತಲೆಗೆ ಬಂದು ಇದಕ್ಕಿಂತ ಅದೇ ಚಂದ ಅನ್ಸತ್ತೆ (ಬರೆಯದೇ ಇರೋ ಕಥೆ ಯಾವಾಗ್ಲೂ ಚಂದಾನೇ). ಇಷ್ಟಕ್ಕೇ ಡ್ರಾಫ್ಟ್ ಬಿಡಬೇಡಿ.

ಹೀಗೆ ಮಾಡಿ. ಫೈಲ್ ತೆರೀದೆ, ಒಂದು ಹಾಳೆ ತಗೊಂಡು, ಈ ಕಾದಂಬರಿ ಮೇಲೆ ನಿಮಗಿರೋ ದೂರುಗಳನ್ನೆಲ್ಲ ಹದಿನೈದು ನಿಮಿಷ ಸುಮ್ನೆ ಬರ್ಕೊಂಡು ಹೋಗಿ. ಆಮೇಲೆ ಓದಿ ನೋಡಿ. "ಸಂಭಾಷಣೆ ಸಪ್ಪೆ", "ಐದನೇ ಅಧ್ಯಾಯ ಎಳೆದಂಗಿದೆ", "ಮಳೆ ವರ್ಣನೆ ಜಾಸ್ತಿ ಆಯ್ತು" ಇಂಥವೇ ತುಂಬಿದ್ರೆ ನಿಮಗೆ ಬೇಕಿರೋದು ತಿದ್ದುಪಡಿ, ಹೊಸ ಶುರು ಅಲ್ಲ. ಅದೇ "ನಾಯಕ ಏನೂ ಮಾಡಲ್ಲ, ಬರೀ ನೋಡ್ತಾ ನಿಂತಿರ್ತಾನೆ", "ನಿಜವಾದ ಕಥೆ ಶುರುವಾಗೋದೇ ಪುಟ 120ಕ್ಕೆ", "ಇದು ಯಾರ ಕಥೆ ಅಂತ ನಂಗೇ ಗೊತ್ತಿಲ್ಲ" ಅಂತ ಬಂದಿದ್ರೆ ಅದು ಗೋಡೆಗೆ ಸುಣ್ಣ ಹೊಡೆದು ಮುಚ್ಚೋ ಬಿರುಕಲ್ಲ.

ಇನ್ನೊಂದು ಲೆಕ್ಕ ಹಾಕಿ. ಅತಿ ದೊಡ್ಡ ದೂರನ್ನ ಸರಿ ಮಾಡಿದ್ರೆ ಎಷ್ಟು ಸೀನ್ ಬದಲಾಗಬೇಕು? ಕಾಲುಭಾಗದೊಳಗೆ ಇದ್ರೆ ರಿಪೇರಿ ಮಾಡಿ, ಅರ್ಧ ದಾಟಿದ್ರೆ ಹೊಸದಾಗಿ ಬರೆಯೋದೇ ಸುಲಭ. ಇದು ನನ್ನ ಅಂದಾಜು, ಶಾಸ್ತ್ರ ಏನಲ್ಲ.

ಡ್ರಾಫ್ಟ್ ಇನ್ನೂ ಮುಗಿದೇ ಇಲ್ಲ ಅಂದ್ರೆ ಒಂದು ಕೆಲಸ ಜಾಸ್ತಿ: ಉಳಿದ ಕಥೆನ ಎರಡು ಪುಟದಲ್ಲಿ, ಚಿಕ್ಕ ಮಕ್ಕಳಿಗೆ ಹೇಳೋ ಹಂಗೆ, "ಆಮೇಲೆ ಹಿಂಗಾಯ್ತು, ಆಮೇಲೆ ಹಂಗಾಯ್ತು" ಅಂತ ಕೊನೆ ತನಕ ಬರೆದುಬಿಡಿ. ಕೊನೆ ಮುಟ್ಟದೇ ಬಿಟ್ಟೋರಿಗೆ ಎಲ್ಲಿ ದಾರಿ ತಪ್ತು ಅಂತ ಗೊತ್ತಾಗೋದು ಕಷ್ಟ, ಹೊಸ ಡ್ರಾಫ್ಟಲ್ಲೂ ಅದೇ ಜಾಗಕ್ಕೆ ಬಂದು ನಿಲ್ತಾರೆ.

ಹೆಜ್ಜೆ 2: ಸರಿಯಾಗಿ ಎತ್ತಿಡಿ, ಸುಡಬೇಡಿ

ಸುಡೋ ಆಸೆ ಬರತ್ತೆ, ದೊಡ್ಡದೊಡ್ಡೋರಿಗೇ ಬಂದಿದೆ. ರಷ್ಯನ್ ಲೇಖಕ ಗೊಗೊಲ್ 1852ರಲ್ಲಿ ತನ್ನ 'ಡೆಡ್ ಸೋಲ್ಸ್' ಕಾದಂಬರಿಯ ಎರಡನೇ ಭಾಗ ಸುಟ್ಟ, ಕೆಲವೇ ದಿನದಲ್ಲಿ ತಾನೂ ತೀರ್ಕೊಂಡ, ನಮಗೆ ಸಿಕ್ಕಿರೋದು ಚೂರುಪಾರು. ಇನ್ನೊಬ್ಬ ರಷ್ಯನ್ ಲೇಖಕ ಬುಲ್ಗಾಕೊವ್ 1930ರಲ್ಲಿ ಒಲೆಗೆ ಹಾಕಿದ ಕಾದಂಬರಿನ ಮತ್ತೆ ಮೊದಲಿಂದ ಕಟ್ಕೊಂಡು ಬರಬೇಕಾಯ್ತು, 1940ರಲ್ಲಿ ಸಾಯೋವರೆಗೂ ಅದನ್ನ ತಿದ್ದುತಾನೇ ಇದ್ದ. ಡಿಲೀಟ್ ಬಟನ್ ಒತ್ತೋದು ಇದಕ್ಕಿಂತ ಸುಲಭ, ಅದಕ್ಕೇ ಇನ್ನೂ ಡೇಂಜರ್.

ಫೈಲ್ ಹೆಸರಲ್ಲಿ ತಾರೀಖು ಹಾಕಿ, ಒಂದು ಕಾಪಿ ಕಂಪ್ಯೂಟರಿಂದ ಹೊರಗೆ ಎಲ್ಲಾದ್ರೂ ಇಡಿ, ನಿಮಗೇ ಈಮೇಲ್ ಮಾಡ್ಕೊಂಡ್ರೂ ಸಾಕು. ಹಳೇ 'ನುಡಿ' ಅಥವಾ 'ಬರಹ' ಸಾಫ್ಟ್‌ವೇರಲ್ಲಿ ಆಸ್ಕಿ ಫಾಂಟಲ್ಲಿ (ಆ ಫಾಂಟ್ ಇದ್ರೆ ಮಾತ್ರ ಓದೋಕಾಗೋ ಹಳೇ ಥರದ್ದು) ಟೈಪ್ ಮಾಡಿದ್ರೆ ಈಗಲೇ ಯೂನಿಕೋಡಿಗೆ ಕನ್ವರ್ಟ್ ಮಾಡಿ ಒಂದು ಪ್ರತಿ ಇಟ್ಕೊಳ್ಳಿ, ಇಲ್ಲಾಂದ್ರೆ ನಾಲ್ಕು ವರ್ಷ ಆದ್ಮೇಲೆ ಫಾಂಟ್ ಇಲ್ಲದ ಮೆಷಿನ್ನಲ್ಲಿ ತೆರೆದಾಗ ನಿಮ್ಮ ನಾಯಕಿ ಬರೀ ಚಿತ್ರವಿಚಿತ್ರ ಗುರುತುಗಳಾಗಿ ಕೂತಿರ್ತಾಳೆ. ಕನ್ವರ್ಟ್ ಆದ್ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನ ಒಂದ್ಸಲ ಕಣ್ಣಾಡಿಸಿ ನೋಡಿ, ಅಲ್ಲೇ ಎಡವಟ್ಟಾಗೋದು.

ಎಷ್ಟು ದಿನ ಮುಟ್ಟದೇ ಇರಬೇಕು? ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗ್ ಬರವಣಿಗೆ ಬಗ್ಗೆ ಬರೆದ ಪುಸ್ತಕದಲ್ಲಿ ಕಮ್ಮಿ ಅಂದ್ರೂ ಆರು ವಾರ ಅಂತಾನೆ, ಆದ್ರೆ ಅದು ತಿದ್ದೋಕೆ ಮುಂಚಿನ ಬಿಡುವು. ಮೊದಲಿಂದ ಬರೆಯೋರಿಗೆ ಅದು ಸಾಲಲ್ಲ ಅಂತ ನನಗನ್ಸತ್ತೆ, ಮೂರು ತಿಂಗಳಾದ್ರೂ ಬೇಕು, ಯಾಕಂದ್ರೆ ವಾಕ್ಯಗಳು ಬಾಯಿಪಾಠ ಇರೋವರೆಗೆ ನೀವು ಹೊಸದೇನೂ ಬರೆಯಲ್ಲ, ನೆನಪಿಂದ ಕಾಪಿ ಹೊಡೀತೀರಿ ಅಷ್ಟೇ. ಈ ಮೂರು ತಿಂಗಳು ಸುಮ್ನೆ ಕೂರಬೇಡಿ, ಚಿಕ್ಕದೇನಾದ್ರೂ ಬರೀರಿ, ಒಂದು ಸಣ್ಣ ಕಥೆ, ಒಂದು ಪ್ರಬಂಧ. ಮುಗಿಸೋ ಅಭ್ಯಾಸ ಕೈಗೆ ವಾಪಸ್ ಬರಬೇಕು. ಕಾದಂಬರಿ ಬಗ್ಗೆ ಏನಾದ್ರೂ ತಾನಾಗೇ ಹೊಳೆದ್ರೆ ಒಂದು ನೋಟ್‌ಬುಕ್ಕಲ್ಲಿ ಗೀಚಿಡಿ, ಫೈಲ್ ಮಾತ್ರ ತೆರೀಬೇಡಿ.

ಹೆಜ್ಜೆ 3: ಒಂದೇ ಸಲ ಓದಿ, ಸೀನ್ ಪಟ್ಟಿ ಮಾಡಿ

ಬಿಡುವು ಮುಗಿದ್ಮೇಲೆ ಇಡೀ ಡ್ರಾಫ್ಟ್ ಒಂದು ಅಥವಾ ಎರಡು ದಿನದಲ್ಲಿ ಓದಿ ಮುಗಿಸಿ. ಬರೆದ ಸ್ಕ್ರೀನಲ್ಲಿ ಓದಬೇಡಿ, ಪ್ರಿಂಟ್ ತಗೊಳ್ಳಿ, ಆಗಲ್ಲ ಅಂದ್ರೆ ಫಾಂಟ್ ಬದಲಾಯಿಸಿ ಮೊಬೈಲಲ್ಲಿ ಓದಿ. ತಿದ್ದೋ ಹಂಗಿಲ್ಲ. ಬೋರ್ ಆದ ಕಡೆ ಮಾರ್ಜಿನ್ನಲ್ಲಿ ಒಂದು ಗೀಟು, ಮೈ ಝುಂ ಅಂದ ಕಡೆ ಒಂದು ಚುಕ್ಕಿ, ಅಷ್ಟು ಮಾತ್ರ.

ಆಮೇಲೆ ನಿಜವಾದ ಕೆಲಸ. ಒಂದೊಂದು ಸೀನಿಗೂ ಒಂದೊಂದು ಸಾಲು ಬರೀರಿ: ಯಾರಿದಾರೆ, ಯಾರಿಗೆ ಏನು ಬೇಕಿತ್ತು, ಸೀನ್ ಮುಗಿಯೋ ಹೊತ್ತಿಗೆ ಏನು ಬದಲಾಯ್ತು. ಏನೂ ಬದಲಾಗಿಲ್ಲ ಅಂದ್ರೆ ಸೊನ್ನೆ ಹಾಕಿ. ಪ್ರಾಮಾಣಿಕವಾಗಿ ಹಾಕಿ, "ವಾತಾವರಣ ನಿರ್ಮಾಣ ಆಯ್ತಲ್ಲ" ಅಂತ ನಿಮಗೆ ನೀವೇ ಲಾಯರ್ ಆಗಬೇಡಿ.

ನನ್ನ 46 ಸೀನಲ್ಲಿ 17 ಸೊನ್ನೆ ಬಂತು. ಬೇಜಾರಾಯ್ತು, ಆದ್ರೆ ಉಪಯೋಗಕ್ಕೆ ಬಂದಿದ್ದು ಸೊನ್ನೆಗಳ ಸಂಖ್ಯೆ ಅಲ್ಲ, ಅವುಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ವು ಅನ್ನೋದು. ಕಥೆ ಇಷ್ಟು: ಚಿಕ್ಕ ವಯಸ್ಸಲ್ಲೇ ಊರು ಬಿಟ್ಟ ತಮ್ಮ, ಅಪ್ಪ ತೀರಿಹೋದ್ಮೇಲೆ ಮನೆ ಪಾಲು ಮಾಡೋಕೆ ವಾಪಸ್ ಬರ್ತಾನೆ, ಅವನೇ "ನಾನು" ಅಂತ ಕಥೆ ಹೇಳ್ತಾನೆ. ಹದಿನೇಳು ಸೊನ್ನೆಯಲ್ಲಿ ಹನ್ನೊಂದು ಸೀನಲ್ಲಿ ಯಾರೋ ಒಬ್ರು ಅವನಿಗೆ ಏನೋ ಹೇಳ್ತಾ ಕೂತಿದಾರೆ. ಅಕ್ಕ ಫೋನಲ್ಲಿ, ಪಕ್ಕದ ಮನೆಯವರು ಜಗಲಿ ಮೇಲೆ, ಚಿಕ್ಕಪ್ಪ ದಾರೀಲಿ. ಯಾಕಂದ್ರೆ ನಡೆದ ಯಾವ ಘಟನೆಯಲ್ಲೂ ಅವನು ಇರಲೇ ಇಲ್ಲ! ಎಲ್ಲದರಲ್ಲೂ ಇದ್ದಿದ್ದು ಅಕ್ಕ. ನಾನು ಎಂಟು ತಿಂಗಳು ಈ ಸಂಭಾಷಣೆಗಳನ್ನ ಚುರುಕು ಮಾಡೋಕೆ ಒದ್ದಾಡ್ತಿದ್ದೆ, ತಪ್ಪಿದ್ದಿದ್ದು ಕಥೆ ಹೇಳೋಕೆ ಆರಿಸಿದ ಬಾಯಲ್ಲಿ.

ನಿಮ್ಮ ಸೊನ್ನೆಗಳನ್ನೂ ಹಿಂಗೆ ಒಟ್ಟಿಗೆ ಇಟ್ಟು ನೋಡಿ. ಒಬ್ಬಳೇ ಕೂತು ಯೋಚನೆ ಮಾಡೋ ಸೀನ್‌ಗಳೇ ಜಾಸ್ತಿನಾ? ಹಾಗಿದ್ರೆ ಅವಳಿಗೆ ಎದುರಾಳಿ ಇಲ್ಲ. ಪ್ರಯಾಣ ಮಾಡೋವೇ ಜಾಸ್ತಿನಾ? ಕಥೆ ನಡೆಯೋ ಜಾಗ ನಿಮಗಿನ್ನೂ ಗಟ್ಟಿಯಾಗಿಲ್ಲ. ಹಳೇ ನೆನಪುಗಳಲ್ಲೇ ಜೀವ ಇದೆಯಾ? ಹಾಗಾದ್ರೆ ನೀವು ತಪ್ಪು ಕಾಲದಲ್ಲಿ ನಿಂತು ಬರೀತಿದೀರಿ.

ಹೆಜ್ಜೆ 4: ಯಾವ ಮೂಲ ನಿರ್ಧಾರ ತಪ್ಪಿತ್ತು ಅಂತ ಹುಡುಕಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಮಾಡ್ತೀನಿ ಅಂದ್ರೆ ಇದನ್ನ ಮಾಡಿ. ಯಾವ ನಿರ್ಧಾರ ಬದಲಾಯಿಸ್ತಿದೀನಿ ಅಂತ ಒಂದು ವಾಕ್ಯದಲ್ಲಿ ಹೇಳೋಕೆ ಬರೋವರೆಗೆ ಹೊಸ ಡ್ರಾಫ್ಟ್ ಶುರು ಮಾಡಬೇಡಿ. "ಈ ಸಲ ಚೆನ್ನಾಗಿ ಬರೀತೀನಿ" ಅನ್ನೋದು ನಿರ್ಧಾರ ಅಲ್ಲ. "ಅಕ್ಕ ಹೇಳ್ತಾಳೆ, ಅಪ್ಪ ಸಾಯೋಕೆ ಒಂದು ವರ್ಷ ಮುಂಚೆ ಶುರುವಾಗತ್ತೆ" ಅನ್ನೋದು ನಿರ್ಧಾರ.

ದೊಸ್ತೊಯೆವ್ಸ್ಕಿ 'ಅಪರಾಧ ಮತ್ತು ಶಿಕ್ಷೆ'ನ ಮೊದಲು ಕೊಲೆಗಾರನ ತಪ್ಪೊಪ್ಪಿಗೆ ಥರ "ನಾನು" ಅಂತ ಬರೀತಿದ್ದ. 1865ರ ನವೆಂಬರ್ ಕೊನೆ ಹೊತ್ತಿಗೆ ತುಂಬಾನೇ ಬರೆದಾಗಿತ್ತು, ಎಲ್ಲಾ ಸುಟ್ಟುಹಾಕಿ ಹೊಸ ಪ್ಲಾನಲ್ಲಿ ಶುರು ಮಾಡಿದ, "ನಾನು" ಹೋಗಿ "ಅವನು" ಬಂತು, 1866ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೋಕೂ ಶುರುವಾಯ್ತು. (ಸುಟ್ಟಿದ್ದನ್ನ ಮಾತ್ರ ಅನುಸರಿಸಬೇಡಿ.) ಅಮೆರಿಕದ ಲೇಖಕಿ ಹಾರ್ಪರ್ ಲೀ 1957ರಲ್ಲಿ ಪಬ್ಲಿಷರಿಗೆ ಕೊಟ್ಟ ಕಾದಂಬರಿಯಲ್ಲಿ ನಾಯಕಿ ದೊಡ್ಡವಳಾಗಿ ಊರಿಗೆ ವಾಪಸ್ ಬರ್ತಾಳೆ. ಎಡಿಟರಿಗೆ ಹಿಡಿಸಿದ್ದು ಮಧ್ಯೆಮಧ್ಯೆ ಬರೋ ಬಾಲ್ಯದ ನೆನಪುಗಳು, ಆ ಹುಡುಗಿ ಕಣ್ಣಿಂದಲೇ ಬರಿ ಅಂದ್ರು, ಅದು 1960ರಲ್ಲಿ ಬಂದ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಆಯ್ತು. ಪಕ್ಕಕ್ಕಿಟ್ಟ ಹಳೇ ಪ್ರತಿ ಅಚ್ಚಾಗಿದ್ದು 2015ರಲ್ಲಿ. ಇಬ್ಬರೂ ವಾಕ್ಯ ತಿದ್ದಿದ್ದಲ್ಲ, ಒಂದೊಂದು ಮೂಲ ನಿರ್ಧಾರ ತಿರುಗಿಸಿದ್ದು.

ನೋಡಬೇಕಾದ್ದು ಇಷ್ಟು: ಕಥೆ ಯಾರದ್ದು, ಯಾರು ಹೇಳ್ತಿದಾರೆ (ಇವೆರಡೂ ಒಂದೇ ಆಗಬೇಕಿಲ್ಲ), ಯಾವ ದಿನ ಶುರುವಾಗತ್ತೆ, ಏನಾದ್ರೆ ಮುಗೀತು ಅಂತ ಅರ್ಥ.

ಕನ್ನಡದಲ್ಲಿ ಬರೆಯೋರಿಗೆ ಇದರ ಜೊತೆ ಇನ್ನೊಂದಿದೆ, ಯಾವ ಕನ್ನಡ ಅನ್ನೋದು. ನಿರೂಪಣೆ "ಅವಳು ಬಾಗಿಲನ್ನು ತೆರೆದಳು" ಅಂತ ಹೋಗತ್ತಾ, "ಬಾಗ್ಲು ತೆಗೆದ್ಲು" ಅಂತ ಹೋಗತ್ತಾ? ಸಂಭಾಷಣೆ ಆಡುಮಾತಲ್ಲಿ, ನಿರೂಪಣೆ ಪುಸ್ತಕದ ಕನ್ನಡದಲ್ಲಿ ಇದ್ರೆ ಎರಡರ ಮಧ್ಯೆ ಒಂದು ಅಂತರ ಇರತ್ತೆ, ಆ ಅಂತರ ನಿಮಗೆ ಬೇಕಾ? ನನ್ನ ಹಳೇ ಡ್ರಾಫ್ಟಲ್ಲಿ ಊರು ಬಿಟ್ಟ ತಮ್ಮ ಪುಸ್ತಕದ ಕನ್ನಡದಲ್ಲಿ ಕಥೆ ಹೇಳ್ತಿದ್ದ, ಅದು ಅವನಿಗೆ ಸರಿನೇ. ಅಕ್ಕನ ಬಾಯಿಗೆ ಅದೇ ವಾಕ್ಯ ಹಾಕಿದಾಗ ಯಾರೋ ವಾರ್ತೆ ಓದ್ದಂಗಿತ್ತು.

ಆಮೇಲೆ ಮರ್ಯಾದೆ ವಿಷಯ. ತಮ್ಮ ಹೇಳುವಾಗ "ಅಪ್ಪ ಬಂದರು, ಕೂತರು". ಅಕ್ಕ ಮನಸ್ಸಲ್ಲಿ ಹೇಳ್ಕೊಳ್ಳುವಾಗ "ಅಪ್ಪ ಬಂದ, ಕೂತ". ಹತ್ತು ವರ್ಷ ಹಾಸಿಗೆ ಪಕ್ಕ ಕೂತು ಆರೈಕೆ ಮಾಡಿದವಳಿಗೆ ಆ "ಬಂದ"ದಲ್ಲಿ ಸಲಿಗೆನೂ ಇದೆ, ಸಿಟ್ಟೂ ಇದೆ. ಒಂದು ಪ್ರತ್ಯಯ ಬದಲಾಗಿದ್ದಕ್ಕೆ ಅಪ್ಪನ ಪಾತ್ರವೇ ಬೇರೆ ಆಗಿಹೋಯ್ತು. ನಮ್ಮ ಭಾಷೇಲಿ "ನಾನು" ಹೋಗಿ "ಅವಳು" ಬಂದ್ರೆ ಅವಳ ಪ್ರತಿ ಕ್ರಿಯಾಪದದ ಬಾಲವೂ ಬದಲಾಗಬೇಕು, "ನೋಡಿದೆ" ಹೋಗಿ "ನೋಡಿದಳು" ಆಗಬೇಕು, ಫೈಂಡ್ ಅಂಡ್ ರಿಪ್ಲೇಸ್ ಇಲ್ಲಿ ಕೆಲಸ ಮಾಡಲ್ಲ. ಒಳ್ಳೇದೇ ಆಯ್ತು ಅಂದ್ಕೊಳ್ಳಿ, ಅಂಥ ವಾಕ್ಯಗಳನ್ನೆಲ್ಲ ಕೈಯಾರೆ ಮುಟ್ಟಲೇಬೇಕಾಗತ್ತೆ.

ಯಾವುದು ಸರಿ ಅಂತ ತಲೇಲೇ ಲೆಕ್ಕ ಹಾಕಬೇಡಿ. ಚುಕ್ಕಿ ಬಿದ್ದ ಒಂದು ಸೀನ್ ಆರಿಸಿ ಮೂರು ಥರ ಬರೀರಿ, ಒಂದೊಂದೂ 500 ಪದ: ಬೇರೆ ಪಾತ್ರದಿಂದ, "ಅವನು/ಅವಳು" ಇಂದ, ಬೇರೆ ಕನ್ನಡದಲ್ಲಿ. ಮೂರು ದಿನದ ಕೆಲಸ. ಬರೆಯುವಾಗ ನಿಮಗೇ ಗೊತ್ತಿಲ್ಲದ ವಿವರ ಯಾವುದರಲ್ಲಿ ತಾನಾಗೇ ಬಂತೋ ಅದೇ ದಾರಿ.

ನಾಲ್ಕೂ ಪ್ರಶ್ನೆಗೆ ಉತ್ತರ ಬದಲಾಗೋ ಹಂಗಿದ್ರೆ? ಅದು ಹೊಸ ಡ್ರಾಫ್ಟ್ ಅಲ್ಲ, ಬೇರೆ ಕಾದಂಬರಿ. ಅದೂ ತಪ್ಪಲ್ಲ. ಅಮೆರಿಕದ ಕಾದಂಬರಿಕಾರ ಮೈಕೆಲ್ ಶೇಬಾನ್ ಐದು ವರ್ಷಕ್ಕೂ ಹೆಚ್ಚು ಒಂದೇ ಕಾದಂಬರಿ ಮೇಲೆ ಗುದ್ದಾಡಿ ಕೊನೆಗೆ ಕೈಬಿಟ್ಟ, ಆಮೇಲೆ ಬರೆದಿದ್ದು, ಮುಗಿಯದ ಕಾದಂಬರಿ ಇಟ್ಕೊಂಡು ಒದ್ದಾಡೋ ಲೇಖಕನ ಕಥೆ. 1995ರಲ್ಲಿ ಪುಸ್ತಕವಾಗಿ ಬಂತು.

ಹೆಜ್ಜೆ 5: ಮೂಟೆ ಕಟ್ಟೋದು

ಫೈಲ್ ನೋಡದೆ, ನೆನಪಿಂದ, ಒಂದೇ ಹಾಳೇಲಿ, ಈ ಕಾದಂಬರಿಯಲ್ಲಿ ನಿಮಗೆ ಬಿಡೋಕೆ ಆಗದೇ ಇರೋ ಸೀನ್‌ಗಳನ್ನ ಬರ್ಕೊಳ್ಳಿ. ಏಳೋ ಎಂಟೋ ಬರತ್ತೆ. ನೆನಪಿಗೆ ಬರದ್ದನ್ನ ಹಳೇ ಊರಲ್ಲೇ ಬಿಟ್ಟು ಹೊರಡಿ. ಬರೆದವರಿಗೇ ನೆನಪಿಲ್ಲದ ಸೀನ್ ಓದಿದವರ ತಲೇಲಿ ಹೆಂಗೆ ನಿಲ್ಲತ್ತೆ ಹೇಳಿ.

ಕಾಪಿ ಪೇಸ್ಟ್ ಮಾತ್ರ ಬೇಡವೇ ಬೇಡ. ಒಂದು ಪ್ಯಾರಾ ತಂದು ಹಾಕಿದ್ರೂ ಅದು ತನ್ನ ಹಳೇ ಧಾಟಿನೂ ಜೊತೆಗೇ ತರತ್ತೆ, ಅದಕ್ಕೆ ಹೊಂದೋ ಹಂಗೆ ಮುಂದಿನ ಪ್ಯಾರಾ ಬರೀತೀರಿ, ಹತ್ತು ಪುಟ ಆಗೋಷ್ಟರಲ್ಲಿ ವಾಪಸ್ ಹಳೇ ಕಾದಂಬರಿಗೇ ಬಂದಿರ್ತೀರಿ. ನಾನು ಮೊದಲ ಪ್ರಯತ್ನದಲ್ಲಿ ಮಾಡಿದ್ದು ಇದೇ, ಎರಡು ತಿಂಗಳು ಹೋಯ್ತು. ವಯಸ್ಸು, ಇಸವಿ, ಯಾರಿಗೆ ಯಾರು ಏನಾಗಬೇಕು, ನೀವು ಹುಡುಕಿ ತೆಗೆದ ಮಾಹಿತಿ, ಇವನ್ನೆಲ್ಲ ಬೇರೆ ಹಾಳೆಗೆ ಇಳಿಸ್ಕೊಳ್ಳಿ, ಅದಕ್ಕೆ ದೋಷ ಇಲ್ಲ. ತೀರಾ ಪ್ರೀತಿಯ ವಾಕ್ಯಗಳಿದ್ರೆ ಗುಜರಿ ಅಂತ ಒಂದು ಫೈಲ್ ಮಾಡಿ ಅಲ್ಲಿ ಹಾಕಿಡಿ, ಇದೆ ಅನ್ನೋ ಧೈರ್ಯಕ್ಕೆ.

ಹೆಜ್ಜೆ 6: ಖಾಲಿ ಫೈಲ್

ಹೊಸ ಫೈಲಿಗೆ ಹೊಸ ಹೆಸರಿಡಿ, "ಫೈನಲ್ 2" ಅಂತೆಲ್ಲ ಬೇಡ. ಆಗೋದಾದ್ರೆ ಸಾಧನವನ್ನೇ ಬದಲಾಯಿಸಿ, ಟೈಪ್ ಮಾಡ್ತಿದ್ದೋರು ಮೊದಲ ಹತ್ತು ಪುಟ ಕೈಯಲ್ಲಿ ಬರೀರಿ.

ಹಳೇ ಮೊದಲ ಅಧ್ಯಾಯದಿಂದ ಶುರು ಮಾಡಬೇಡಿ. ಹೊಸ ನಿರ್ಧಾರದಿಂದ ಅತಿ ಹೆಚ್ಚು ಬದಲಾದ ಸೀನ್ ಯಾವುದೋ ಅಲ್ಲಿಂದ ಶುರು ಮಾಡಿ, ಅದು ಕಾದಂಬರಿಯ ಮಧ್ಯದಲ್ಲಿದ್ರೂ ಪರವಾಗಿಲ್ಲ. ನಾನು ಶುರು ಮಾಡಿದ್ದು ಹಳೇ ಡ್ರಾಫ್ಟಲ್ಲಿ ಫೋನಲ್ಲಿ ಮುಗಿಸಿದ್ದ ಸೀನಿಂದ, ಅಪ್ಪ ಆಸ್ಪತ್ರೆಗೆ ಹೋಗಲ್ಲ ಅಂತ ಹಟ ಹಿಡಿಯೋ ರಾತ್ರಿ. ಫೋನಲ್ಲಿ ಅದು ನಾಲ್ಕು ಸಾಲು ಇತ್ತು, ಈಗ ಹದಿನಾಲ್ಕು ಪುಟ ಬಂತು.

ಲೆಕ್ಕ ಹಾಕ್ಕೊಂಡ್ರೆ ಭಯ ಕಮ್ಮಿ ಆಗತ್ತೆ. 80 ಸಾವಿರ ಪದ, ದಿನಕ್ಕೆ 500 ಅಂದ್ರೆ 160 ದಿನ, ವಾರಕ್ಕೆ ಐದು ದಿನ ಬರೆದ್ರೆ 32 ವಾರ, ಎಂಟು ತಿಂಗಳ ಒಳಗೇ. ನಾನು ಒಂದು ಪ್ಯಾರಾ ತಿದ್ದುತಾ ಕೂತಿದ್ದಷ್ಟೇ ಟೈಮು!

ಬರೀತಾ ಬರೀತಾ ಹಿಂದಿನ ಅಧ್ಯಾಯದಲ್ಲಿ ಏನೋ ಬದಲಾಗಬೇಕು ಅಂತ ಹೊಳೆಯತ್ತೆ, ಚಿಕ್ಕಪ್ಪನ ಪಾತ್ರವೇ ಬೇಡ ಅನ್ಸತ್ತೆ. ವಾಪಸ್ ಹೋಗಬೇಡಿ. ಅಲ್ಲೇ ಬ್ರಾಕೆಟ್ಟಲ್ಲಿ "ಚಿಕ್ಕಪ್ಪ ಇಲ್ಲ, ಮೊದಲಿಂದಲೂ ಇಲ್ಲ" ಅಂತ ಬರೆದು, ಅವನು ಇರಲೇ ಇಲ್ಲ ಅನ್ನೋ ಹಂಗೆ ಮುಂದೆ ಬರೀರಿ.

ಹೆಜ್ಜೆ 7: ಹಳೇ ಡ್ರಾಫ್ಟ್ ನಿಂತ ಜಾಗ ಬಂದಾಗ

ಬಂದೇ ಬರತ್ತೆ. ನನಗೆ ಹದಿನಾಲ್ಕನೇ ಅಧ್ಯಾಯ. ಹೊಸ ಕಥೆಯಲ್ಲಿ ಅದಕ್ಕೆ ಹೊಂದೋ ಜಾಗ ಹತ್ರ ಬಂದ ಹಾಗೆ ಕೈ ನಿಧಾನ ಆಯ್ತು, ಎಂಟು ದಿನ ಏನೂ ಬರೀಲಿಲ್ಲ, ಇದೂ ಕೆಟ್ಟಿದೆ, ಮೂರನೇ ಸಲ ಶುರು ಮಾಡೋಣ ಅಂತ ಮನಸ್ಸು ಹೇಳ್ತು. ಈ ಮಾತು ಕೇಳಬೇಡಿ. ಮೊದಲ ಅಧ್ಯಾಯನ ಜೀವನ ಪೂರ್ತಿ ಹೊಸದಾಗಿ ಬರೀತಾನೇ ಇರೋ ಜನ ಇದಾರೆ, ಆ ಅಧ್ಯಾಯ ಥಳಥಳ ಅಂತಿರತ್ತೆ, ಕಾದಂಬರಿ ಇರಲ್ಲ. ಎರಡನೇ ಡ್ರಾಫ್ಟ್ ಎಷ್ಟೇ ಕೆಟ್ಟದಾಗಿದ್ರೂ ಕೊನೆ ಮುಟ್ಟಿಸ್ತೀನಿ ಅಂತ ಶುರುವಿನಲ್ಲೇ ಒಂದು ಚೀಟೀಲಿ ಬರೆದು ಎದುರಿಗೆ ಅಂಟಿಸ್ಕೊಂಡ್ರೆ ಇಲ್ಲಿ ಕೆಲಸಕ್ಕೆ ಬರತ್ತೆ. ಆ ಜಾಗವನ್ನ ಹಾರಿ ಮುಂದಿನ ಸೀನಿಗೂ ಹೋಗಬಹುದು, ನಾನು ಹಂಗೇ ದಾಟಿದ್ದು, ಬಿಟ್ಟ ಸೀನ್ ಕೊನೆಗೂ ಬೇಕಾಗಲಿಲ್ಲ.

ಈ ಹಂತದಲ್ಲಿ ಯಾರಿಗೂ ಓದೋಕೆ ಕೊಡಬೇಡಿ. ಅದರಲ್ಲೂ ಹಳೇ ಡ್ರಾಫ್ಟ್ ಓದಿದವರಿಗೆ, "ಮೊದಲಿನದೇ ಚೆನ್ನಾಗಿತ್ತಲ್ಲ" ಅಂತ ಪ್ರೀತಿಯಿಂದಲೇ ಹೇಳ್ತಾರೆ. ಪಬ್ಲಿಷರ್‌ಗೆ ಇಷ್ಟರೊಳಗೆ ಕೊಡ್ತೀನಿ ಅಂತ ಒಪ್ಕೊಂಡಿದ್ರೆ ಮಾತ್ರ ಮುಚ್ಚಿಡಬೇಡಿ, ಹೊಸದಾಗಿ ಬರೀತಿದೀನಿ, ಇಷ್ಟು ತಿಂಗಳು ಬೇಕು ಅಂತ ಮೊದಲೇ ಹೇಳಿ.

ಹೆಜ್ಜೆ 8: ಹಳೇ ಫೈಲ್ ತೆರೆಯೋದು

ಹೊಸ ಡ್ರಾಫ್ಟಿನ ಕೊನೇ ವಾಕ್ಯ ಬರೆದಾದ್ಮೇಲೆ ಮಾತ್ರ. ಆಗ ಒಂದ್ಸಲ ಪೂರ್ತಿ ಓದಿ, ಹೊಸದರಲ್ಲಿ ತಪ್ಪಿಹೋದ ವಿವರ ಏನಾದ್ರೂ ಇದೆಯಾ ನೋಡಿ: ಒಂದು ವಸ್ತು, ಒಂದು ವಾಸನೆ, ಯಾರೋ ಆಡಿದ ಒಂದು ಮಾತು. ಸೀನ್‌ಗಟ್ಟಲೆ ತರೋಕೆ ಹೋಗಬೇಡಿ, ಆಗಲೂ ಕಾಪಿ ಪೇಸ್ಟ್ ಬೇಡ, ನೋಡ್ಕೊಂಡು ಮತ್ತೆ ಟೈಪ್ ಮಾಡಿ.

78 ಸಾವಿರ ಪದದಿಂದ ನಾನು ಕೊನೆಗೆ ತಂದಿದ್ದು ಮೂರು ವಾಕ್ಯ, ಅಪ್ಪನ ಕನ್ನಡಕದ ಕಾಲು ಮುರಿದು ದಾರ ಕಟ್ಟಿದ್ದರ ಬಗ್ಗೆ. ತಮ್ಮನ ಬಾಯಲ್ಲಿ ಅದು "ಕಟ್ಟಿತ್ತು" ಅಂತಿತ್ತು. ಅಕ್ಕನ ಬಾಯಿಗೆ ಬಂದಾಗ "ಕಟ್ಟಿಕೊಟ್ಟಿದ್ದೆ" ಅಂತಾಯ್ತು, ಆಮೇಲೆ ಉಳಿದೆರಡು ವಾಕ್ಯ ಬೇಕಾಗಲಿಲ್ಲ, ಹೊಡೆದುಹಾಕ್ದೆ.